ಬೆಂಕಿ ಇಲ್ಲದ ವರ್ಷ

ಸೂಜಿಮರದ, ಅಂದರೆ ಪೈನ್ ಮರದ, ಅಂಟು ಸೋಪಿಗೆ ಹೋಗುವುದಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಬೇಕು. ಬಿರುಕು ಬಿಟ್ಟ ಅಂಗೈಗೆ ಸೀಮೆಎಣ್ಣೆ ತಾಗಿದರೆ ಜೀವ ಹೋದಂತಾಗುತ್ತದೆ. ಹಾಗಾಗಿ ನಮ್ಮಲ್ಲಿ ಬಹಳ ಮಂದಿ ತಿಕ್ಕುವುದನ್ನೇ ಬಿಟ್ಟಿದ್ದೆವು. ಬೇಸಿಗೆ ಮುಗಿಯುವವರೆಗೂ ಕೈ ಕಪ್ಪಗೇ ಇರುತ್ತಿತ್ತು. ಆ ಕೈಯಲ್ಲೇ ಊಟ, ಆ ಕೈಯಲ್ಲೇ ಮಕ್ಕಳ ತಲೆ ಬಾಚುವುದು.

ನಮ್ಮದು ಬೆಂಕಿ ಗ್ಯಾಂಗು. ಸರ್ಕಾರದ ಕಾಡಿಗೆ ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಕಾಯಬೇಕು. ಬಿದ್ದರೆ ಬಡಿದು ಆರಿಸಬೇಕು. ಮಳೆ ಶುರುವಾದ ದಿನ ನಮ್ಮ ಕೆಲಸ ಮುಗಿಯಿತು. ಮತ್ತೆ ಮುಂದಿನ ಬೇಸಿಗೆಗೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಬೂಟು ಕೊಟ್ಟಿದ್ದರು. ಎಲ್ಲ ಒಂದೇ ಅಳತೆಯವು. ಹೆಂಗಸರ ಕಾಲಿಗೆ ದೊಡ್ಡವು, ಗಂಡಸರ ಕಾಲಿಗೆ ಬಿಗಿ. ನಾವು ಬಟ್ಟೆ ತುರುಕಿಕೊಂಡು ನಡೆದೆವು, ಅವರು ಬೂಟಿನ ಹಿಮ್ಮಡಿ ಕತ್ತರಿಸಿಕೊಂಡು ನಡೆದರು.

ದಿನವಿಡೀ ಬಾಚುವುದು. ಗುಡ್ಡದ ಮೈಮೇಲೆ ಇಬ್ಬರು ಅಡ್ಡ ಮಲಗುವಷ್ಟು ಅಗಲಕ್ಕೆ ಎಲೆ, ಕಡ್ಡಿ, ಹುಲ್ಲು ಎಲ್ಲ ಕೆರೆದು ಬರೀ ಮಣ್ಣು ಕಾಣಿಸಬೇಕು. ಬೆಂಕಿ ಬಂದರೆ ಅಲ್ಲಿಗೆ ನಿಲ್ಲಲಿ ಅಂತ. ಆಫೀಸಿನಲ್ಲಿ ಅದಕ್ಕೆ ಬೆಂಕಿ ರೇಖೆ ಅನ್ನುತ್ತಾರೆ. ಬೆಳಗ್ಗೆ ಬಾಚಿದ ಕಡೆ ಸಂಜೆಗೆ ಮತ್ತೆ ಸೂಜಿ ಎಲೆ ಉದುರಿರುತ್ತಿತ್ತು.

"ಇದು ಬೋಳಾಗೋ ತಲೆ ಕಣ್ರೇ" ಅನ್ನುತ್ತಿದ್ದ ಸೊಪ್ಪಕ್ಕನ ತಮ್ಮ. "ಬಾಚಿದಷ್ಟೂ ಉದುರುತ್ತೆ. ಪೂರ್ತಿ ಬೋಳಾದ್ಮೇಲೆ ನಮಗೆ ರಜ."

ಗ್ಯಾಂಗಿನಲ್ಲಿ ಸೊಪ್ಪಕ್ಕನ ಮಾತೇ ಮಾತು. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬೆಂಕಿಯ ಅಂಚು ಬಡಿಯುವುದರಿಂದ ಅವಳಿಗೆ ಆ ಹೆಸರು ಬಂದಿತ್ತು. ತಮ್ಮ ನಗಿಸುವವನು. ಅವನ ಹೆಂಡತಿಗೆ ಅವನೇ ಮೆಣಸಿ ಅಂತ ಹೆಸರಿಟ್ಟಿದ್ದ. ಅವಳ ಬಾಯಿ ಅಷ್ಟು ಖಾರ. ಅತ್ತಿಗೆ ನಾದಿನಿ ಒಂದೇ ಸೂರಿನಡಿ ಇದ್ದು ದಿನಕ್ಕೊಂದು ಸಲವಾದರೂ ಕೋಳಿಜಗಳ ಆಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ನಾನು ನೀರಿನ ಕ್ಯಾನು ಹೊರುವವಳು. ಇಬ್ಬರ ನಡುವೆ ನಡೆಯುತ್ತಿದ್ದುದರಿಂದ ಎರಡೂ ಕಡೆಯ ಬೈಗುಳ ನನಗೇ ಮೊದಲು ಕೇಳಿಸುತ್ತಿತ್ತು.

ಆ ವರ್ಷ ಬೇಸಿಗೆಯ ಶುರುವಿನಲ್ಲಿ ರೇಂಜರು ನಮ್ಮನ್ನೆಲ್ಲ ಆಫೀಸಿನ ಅಂಗಳಕ್ಕೆ ಕರೆಸಿದರು.

"ನೋಡಿ, ಈ ಸಲ ನಮ್ಮ ರೇಂಜಲ್ಲಿ ಒಂದು ಬೆಂಕಿನೂ ಬೀಳಬಾರದು. ಶೂನ್ಯ ಬೆಂಕಿ. ಯಾವ ರೇಂಜಲ್ಲಿ ಬೆಂಕಿ ಇಲ್ವೋ ಅವರಿಗೆ ಮೇಲಿಂದ ಫಲಕ ಕೊಡ್ತಾರೆ."

ಸೊಪ್ಪಕ್ಕ ಎದ್ದು ನಿಂತಳು. "ಸಾರ್, ಮೊದಲೆಲ್ಲ ಚಳಿಗಾಲದಲ್ಲೇ ಊರ ಪಕ್ಕದ ಎಲೆ ಅಷ್ಟಷ್ಟೇ ಸುಡ್ತಿದ್ವಿ. ಒಣಗಿದ ಸೌದೆ ಊರೋರು ತಗೊಂಡು ಹೋಗ್ತಿದ್ರು. ಎರಡೂ ನಿಲ್ಲಿಸಿದೀರಿ. ಈಗ ಕಾಡಿಗೆ ಕಾಲಿಟ್ರೆ ಮೊಣಕಾಲಿನವರೆಗೆ ಎಲೆ. ಒಂದು ಕಿಡಿ ಬಿದ್ರೆ ನಮ್ಮ ಕೈಲಿ ಆಗಲ್ಲ."

ರೇಂಜರು ಕೆಟ್ಟ ಮನುಷ್ಯ ಅಲ್ಲ. ಅದನ್ನು ಹೇಳಬೇಕು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನನಗೆ ಗೊತ್ತಿಲ್ವೇನಮ್ಮ? ನಾನು ಗಾರ್ಡಾಗಿದ್ದಾಗ ಮುಂದೆ ನಿಂತು ಸುಡಿಸಿದೀನಿ. ಈಗ ಕಾಡಲ್ಲಿ ಕಡ್ಡಿ ಗೀರಿದ್ರೆ ಕೇಸು. ಕಡ್ಡಿ ಗೀರೋಕೆ ಬಿಟ್ಟ ನನ್ನ ಮೇಲೂ ಕೇಸು. ಆದೇಶ."

"ಆದೇಶ ಬರೆದೋರು ಈ ಎಲೆ ಮೇಲೆ ಒಂದ್ಸಲ ನಡೀಲಿ" ಅಂದಳು ಮೆಣಸಿ, ನಮಗಷ್ಟೇ ಕೇಳುವ ಹಾಗೆ.

ಬೆಂಕಿ ಬೀಳಬಾರದು ಅಂದ ಮಾತ್ರಕ್ಕೆ ಬೀಳದೆ ಇರುತ್ತದೆಯೇ? ಸಣ್ಣ ಪುಟ್ಟವು ಬಿದ್ದವು. ದಾರಿಹೋಕರು ಎಸೆದ ಸಿಗರೇಟು, ಒಣ ಸಿಡಿಲು. ಬಡಿದು ಆರಿಸಿದೆವು. ಮೊದಲನೆಯ ಬೆಂಕಿಯ ದಿನ ಗೋಪುರದ ಮಾವ ವೈರ್‌ಲೆಸ್ಸಿನಲ್ಲಿ "ಬೆಂಕಿ, ಬೆಂಕಿ" ಎಂದು ಕೂಗಿದ. ಗುಡ್ಡದ ನೆತ್ತಿಯ ಕಬ್ಬಿಣದ ಗೋಪುರದಲ್ಲಿ ಕೂತು ನಾಲ್ಕೂ ದಿಕ್ಕು ನೋಡುವುದು ಅವನ ಕೆಲಸ. ನಮ್ಮಲ್ಲಿ ಖಾಯಂ ಕೆಲಸ ಇದ್ದವನು ಅವನೊಬ್ಬನೇ. ಮಾರನೆಯ ದಿನ ರೇಂಜರು ಜೀಪಿನಲ್ಲಿ ಬಂದರು.

"ವೈರ್‌ಲೆಸ್ಸು ಎಲ್ಲ ರೇಂಜಿಗೂ ಕೇಳಿಸುತ್ತೆ ಮಾರಾಯ. ಬೆಂಕಿ ಅನ್ನಬೇಡ."

"ಮತ್ತೇನನ್ನಲಿ ಸಾರ್?"

ರೇಂಜರು ಯೋಚಿಸಿದರು. "ಮಂಜು ಅನ್ನು. ನಮಗೆ ಅರ್ಥ ಆದ್ರೆ ಸಾಕು."

ಆಮೇಲೆ ನಮಗೆ ಅದೇ ತಮಾಷೆಯಾಯಿತು. ಸುಡುಬೇಸಿಗೆಯ ಮಟಮಟ ಮಧ್ಯಾಹ್ನ, ಬೆವರು ಕಣ್ಣಿಗಿಳಿಯುವಾಗ, ಸೊಪ್ಪಕ್ಕನ ವಾಕಿಟಾಕಿ ಪೆಟ್ಟಿಗೆಯೊಳಗಿಂದ "ಮೂಡಣ ಗುಡ್ಡದಲ್ಲಿ ಸ್ವಲ್ಪ ಮಂಜು" ಎಂದು ಕೇಳಿಸುತ್ತಿತ್ತು. ತಮ್ಮ ಎರಡೂ ಕೈ ಉಜ್ಜಿಕೊಂಡು "ಅಯ್ಯೋ ಚಳಿ, ಕಂಬಳಿ ತನ್ನಿ" ಅನ್ನುತ್ತಿದ್ದ. ನಾವು ನಕ್ಕು ನಕ್ಕು ಕೊಂಬೆ ಮುರಿಯಲು ಓಡುತ್ತಿದ್ದೆವು. ಹಾಗೆ ನಗಬಾರದಿತ್ತೇನೋ. ಆದರೆ ನಗದೆ ಮತ್ತೇನು ಮಾಡುವುದು, ಆ ಬಿಸಿಲಲ್ಲಿ.

ಆ ದಿನ ಬೆಳಗಿನಿಂದಲೇ ಗಾಳಿ ಸರಿಯಿರಲಿಲ್ಲ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಗೋಪುರದ ಮಾವನ ದನಿ ಬಂತು.

"ಸಾರ್, ಕೆಳಗಿನ ಕಣಿವೆಯಲ್ಲಿ, ಕರೆಂಟ್ ತಂತಿ ಅಡಿಯಲ್ಲಿ ಮಂಜು."

"ಎಷ್ಟಿದೆ?" ರೇಂಜರ ದನಿ.

"ಜಾಸ್ತಿ ಇದೆ ಸಾರ್. ಏರ್ತಾ ಇದೆ."

"ಗ್ಯಾಂಗ್ ಹೋಗಲಿ."

ಹೋದೆವು. ಕಣಿವೆಯ ಅಂಚಿಗೆ ಬಂದು ಕೆಳಗೆ ನೋಡಿದ ಸೊಪ್ಪಕ್ಕ ಕೈಯಲ್ಲಿದ್ದ ಕೊಂಬೆಯನ್ನು ಕೆಳಗಿಟ್ಟಳು. ಅವಳು ಹಾಗೆ ಇಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದು ಬಡಿದು ಆರಿಸುವ ಬೆಂಕಿ ಅಲ್ಲ. ನೆಲದ ಮೇಲಿನ ಎಲೆಯ ರಾಶಿ ತಿಂದು, ಮರದ ಬೊಡ್ಡೆ ಹತ್ತಿ, ತುದಿಯಿಂದ ತುದಿಗೆ ಹಾರುತ್ತಿತ್ತು. ಅಂಟು ತುಂಬಿದ ಮರಗಳು ಪಟಾಕಿಯ ಹಾಗೆ ಸಿಡಿಯುತ್ತಿದ್ದವು.

ಸೊಪ್ಪಕ್ಕ ತನ್ನ ವಾಕಿಟಾಕಿ ಒತ್ತಿದಳು. "ಸಾರ್, ಇದು ನಮ್ಮ ಕೈ ಮೀರಿದೆ. ಪಟ್ಟಣದಿಂದ ಬೆಂಕಿ ಗಾಡಿ ಕರೆಸಿ. ಬೇಗ."

ಅವಳು ಮತ್ತೆ ಒತ್ತಿದಳು.

"ಸಾರ್, ಕೇಳಿಸ್ತಾ? ಬೆಂಕಿ. ದೊಡ್ಡ ಬೆಂಕಿ."

"ಮಂಜು ಅನ್ನು" ಎಂದಿತು ಪೆಟ್ಟಿಗೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಭಯ ಇತ್ತು. ಬೆಂಕಿ ಗಾಡಿ ಕರೆದರೆ ಪಟ್ಟಣದಲ್ಲಿ ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಅದು ಬೆಂಕಿ ಆಗಿಬಿಡುತ್ತದೆ.

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

"ರೇಖೆ ಹತ್ರ ನಿಲ್ಲುತ್ತೆ. ಅಲ್ಲಿ ಹಿಡೀರಿ."

ರೇಖೆಯ ಹತ್ತಿರ ಅದು ನಿಲ್ಲಲಿಲ್ಲ. ನಾವು ತಿಂಗಳುಗಟ್ಟಲೆ ಬಾಚಿದ ಆ ಮಣ್ಣಿನ ಪಟ್ಟಿಯ ತಲೆಯ ಮೇಲಿಂದಲೇ ಹಾರಿ ಹೋಯಿತು. ಎಲ್ಲರೂ ಹಿಂದಕ್ಕೆ ಓಡಿದೆವು. ಆಗ ತಮ್ಮ ನಿಂತ.

"ಅಕ್ಕ, ಆಡಿನ ತಾತ ಮೇಲಿದಾನೆ."

ಆಡಿನ ತಾತ ನಮ್ಮೂರಿನವನು. ಒಬ್ಬನೇ. ಆಡು ಬಿಟ್ಟರೆ ಅವನಿಗೆ ಬೇರೆ ಸಂಸಾರ ಇಲ್ಲ. ಕಿವಿ ಮಂದ. ಅಂದು ಬೆಳಗ್ಗೆ ಆಡು ಹೊಡೆದುಕೊಂಡು ಎದುರು ಗುಡ್ಡ ಹತ್ತಿದ್ದನ್ನು ನಾವೆಲ್ಲ ನೋಡಿದ್ದೆವು.

"ಬೇಡ ಕಣೋ" ಅಂದಳು ಸೊಪ್ಪಕ್ಕ.

"ಕೂಗಿದ್ರೆ ಅವನಿಗೆ ಕೇಳಲ್ಲ ಅಕ್ಕ. ಹೋಗಿ ಮುಟ್ಟಿದ್ರೇನೇ ತಿರುಗೋದು." ಅಷ್ಟು ಹೇಳಿ, ಹೆಂಡತಿಯ ಮುಖ ಒಮ್ಮೆ ನೋಡಿ ಓಡಿದ. ಮೆಣಸಿ ಬೈಯಲು ಬಾಯಿ ತೆರೆದಳು. ಹೊಗೆ ನುಗ್ಗಿ ಕೆಮ್ಮು ಬಂತು. ಅವಳು ಕೆಮ್ಮಿ ತಲೆಯೆತ್ತುವಷ್ಟರಲ್ಲಿ ಅವನು ಕಾಣಲಿಲ್ಲ.

ತಾತನನ್ನು ಆಡುಗಳೇ ಉಳಿಸಿದವು. ಹೊಗೆ ಮೂಸಿ ಹಳ್ಳಕ್ಕಿಳಿದಿದ್ದವು. ಅವುಗಳ ಹಿಂದೆ ಅವನೂ ಇಳಿದು ಊರಿನ ಇನ್ನೊಂದು ಕಡೆಗೆ ಬಂದಿದ್ದ. ತಮ್ಮ ಅವನನ್ನು ಖಾಲಿ ಗುಡ್ಡದ ಮೇಲೆ ಹುಡುಕಿದ್ದ. ಊರಿನವರೇ ಪಟ್ಟಣಕ್ಕೆ ಫೋನು ಮಾಡಿ ಕರೆಸಿದ ಬೆಂಕಿ ಗಾಡಿ ಬಂದ ಮೇಲೆ, ಒಂದು ಬಂಡೆಯ ಮರೆಯಲ್ಲಿ ತಮ್ಮ ಸಿಕ್ಕಿದ. ಉಸಿರಿತ್ತು.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮೆಣಸಿಯನ್ನು ಮಾತ್ರ ಒಳಗೆ ಬಿಟ್ಟರು. ನಾವು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆವು, ಮೈಯೆಲ್ಲ ಬೂದಿ. ಅಲ್ಲಿ ಗುಡಿಸುವ ಹೆಂಗಸು ನಮ್ಮನ್ನು ಎರಡು ಸಲ ಎಬ್ಬಿಸಿ ಬೇರೆ ಕಡೆ ಕೂರಿಸಿದಳು. ಮೂರನೆಯ ಸಲ ಬಂದಾಗ ಎಬ್ಬಿಸಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ಸೊಪ್ಪಕ್ಕನ ಪಕ್ಕ ತಾನೂ ಕೂತಳು. ನಮಗೆ ಆಗಲೇ ಗೊತ್ತಾಯಿತು.

ಮಣ್ಣು ಮಾಡಿ ಬಂದ ಮೇಲೆ ರೇಂಜರು ಮನೆಗೆ ಬಂದರು. ತಗಡಿನ ಸೂರಿನ ಒಂದೇ ಕೋಣೆ. ಕೂರಲು ತಮ್ಮನ ಮಂಚ ಬಿಟ್ಟರೆ ಬೇರೆ ಏನಿರಲಿಲ್ಲ. ಅದರ ಮೇಲೆ ಕೂರಲು ಅವರಿಗೆ ಮನಸ್ಸಾಗಲಿಲ್ಲ. ನಿಂತೇ ಮಾತಾಡಿದರು.

"ತುಂಬಾ ಒಳ್ಳೆ ಹುಡುಗ. ನನ್ನ ಮನಸ್ಸಿಗೆ ಎಷ್ಟು ಬೇಜಾರಾಗಿದೆ ಅಂದ್ರೆ..."

ಮೆಣಸಿ ಮಂಚದ ಕಾಲಿಗೊರಗಿ ನೆಲ ನೋಡುತ್ತಿದ್ದಳು. ಅವನು ಹೋದಾಗಿನಿಂದ ಅವಳು ಒಂದು ಮಾತನ್ನೂ ಆಡಿರಲಿಲ್ಲ. ಅತ್ತಿರಲೂ ಇಲ್ಲ.

"ನೋಡಮ್ಮ" ಅಂದರು ರೇಂಜರು ಅವಳಿಗೆ. "ನಿನಗೆ ಒಂದು ಖಾಯಂ ಕೆಲಸ ಕೊಡಿಸಬೇಕು ಅಂತ ನನ್ನಾಸೆ. ಆಫೀಸಲ್ಲಿ. ಗುಡಿಸೋದು, ಟೀ ಮಾಡೋದು, ನೆರಳಲ್ಲಿ. ಆದ್ರೆ ಗ್ಯಾಂಗಿನೋರು ಸರ್ಕಾರಿ ನೌಕರರಲ್ಲ. ಸುಮ್ಮನೆ ಬೆಂಕಿಲಿ ಸತ್ರು ಅಂದ್ರೆ ಏನೂ ಸಿಗಲ್ಲ. ಕಿಡಿಗೇಡಿಗಳು ಹಚ್ಚಿದ ಬೆಂಕಿ, ಅದನ್ನ ಆರಿಸೋಕೆ ಹೋಗಿ ಪ್ರಾಣ ಕೊಟ್ಟ ಅಂದ್ರೆ, ಆಗ ಲೆಕ್ಕ ಬೇರೆ."

"ಯಾರು ಹಚ್ಚಿದ್ದು?" ಸೊಪ್ಪಕ್ಕ ಕೇಳಿದಳು.

"ಆ ಮುದುಕ. ಆಡಿಗೆ ಎಳೆ ಹುಲ್ಲು ಬರಲಿ ಅಂತ ಹಚ್ಚಿದಾನೆ. ಆಗ್ಲೇ ಹಿಡ್ಕೊಂಡು ಹೋಗಿದೀವಿ."

"ತಾತ ಎದುರು ಗುಡ್ಡದಲ್ಲಿದ್ದ ಸಾರ್. ಹೊಗೆ ಎದ್ದಿದ್ದು ತಂತಿ ಅಡಿ. ಆ ತಂತಿ ಮರಕ್ಕೆ ತಾಗ್ತಿದೆ, ಕೊಂಬೆ ಕಡಿಸಿ ಅಂತ ನಾವೇ ಹೇಳಿದ್ವಿ. ಮರ ಕಡಿಯೋಕೆ ಆದೇಶ ಇಲ್ಲ ಅಂದ್ರಿ."

"ಅದೆಲ್ಲ ಈಗ್ಯಾಕೆ." ರೇಂಜರು ಮೆಣಸಿಯ ಕಡೆಗೇ ತಿರುಗಿದರು. "ಮುಂದಿನ ವಾರ ನಮ್ಮ ಇಲಾಖೆಯ ದೊಡ್ಡ ಮೇಡಂ ವಿಚಾರಣೆಗೆ ಬರ್ತಾರೆ. ನೀನು ಒಂದೇ ಮಾತು ಹೇಳಿದ್ರೆ ಸಾಕು. ಸಾಯೋ ಮುಂಚೆ ನನ್ನ ಗಂಡ ಹೇಳಿದ, ತಾತ ಬೆಂಕಿ ಹಚ್ಚೋದನ್ನ ಕಣ್ಣಾರೆ ನೋಡ್ದೆ ಅಂತ. ಅಷ್ಟೇ. ಹೆಂಡತಿ ಮಾತಿಗೆ ಯಾರೂ ಇಲ್ಲ ಅನ್ನಲ್ಲ."

ಮೆಣಸಿ ತಲೆಯೆತ್ತಲಿಲ್ಲ. ರೇಂಜರು ಅದನ್ನು ಒಪ್ಪಿಗೆ ಅಂದುಕೊಂಡರು. ಹೊಸಿಲು ದಾಟುವಾಗ ತಗಡು ತಲೆಗೆ ತಾಗದಂತೆ ಬಗ್ಗಿ ಹೋದರು.

ಹಚ್ಚಿದ ಬೆಂಕಿ ರೇಂಜಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮಗೆ ಆಮೇಲೆ ತಿಳಿಯಿತು. ಅದನ್ನು ಅಪರಾಧದ ಲೆಕ್ಕಕ್ಕೆ ಬರೆಯುತ್ತಾರೆ. ತಾತ ಹಚ್ಚಿದ್ದು ಅಂದರೆ ಆ ವರ್ಷ ಕಾಡಿಗೆ ಬೆಂಕಿಯೇ ಬಿದ್ದಿಲ್ಲ. ಫಲಕ ಕೈತಪ್ಪುವುದಿಲ್ಲ.

ಗ್ಯಾಂಗಿನಲ್ಲಿ ಎರಡು ಮಾತಾಯಿತು. ನೀರಿನ ಟ್ಯಾಂಕಿನ ಹತ್ತಿರ ಎಲ್ಲರೂ ಸೇರಿದ್ದೆವು. ಗೋಪುರದ ಮಾವನೂ ಇಳಿದು ಬಂದಿದ್ದ.

"ಆ ಹುಡುಗಿ ಹೇಳಿಬಿಡಲಿ" ಅಂದ ಅವನು, ಯಾರ ಮುಖವನ್ನೂ ನೋಡದೆ. "ತಾತನಿಗೆ ಹಿಂದಿಲ್ಲ ಮುಂದಿಲ್ಲ. ಒಳಗಿದ್ರೆ ಹೊತ್ತಿಗೆ ಸರಿಯಾಗಿ ಊಟ ಆದ್ರೂ ಸಿಗುತ್ತೆ. ಇವಳಿಗೆ ಇನ್ನೂ ವಯಸ್ಸಿದೆ, ಬದುಕಬೇಕು."

ಒಬ್ಬಿಬ್ಬರು ಹೂಂ ಅಂದರು. ನಾನೂ ಇಲ್ಲ ಅನ್ನಲಿಲ್ಲ. ನೆರಳಿನ ಕೆಲಸ ಅಂದರೆ ಏನು ಅಂತ ನಮಗೆ ಗೊತ್ತಿತ್ತು.

ಸೊಪ್ಪಕ್ಕ ಬೈಯುತ್ತಾಳೆ ಅಂದುಕೊಂಡೆವು. ಅವಳಿಗೆ ಬೈಯಲೂ ಶಕ್ತಿ ಇರಲಿಲ್ಲ. "ಮಾವ, ನನ್ನ ತಮ್ಮ ಆ ಮುದುಕನ್ನ ಕರ್ಕೊಂಡು ಬರೋಕೆ ಅಂತ ಹೋದ" ಅಂದಳು. "ಈಗ ನಾವೇ ಆ ಮುದುಕನ್ನ ಹಿಡಿದು ಬೆಂಕಿಗೆ ಹಾಕಿದ್ರೆ, ಅವನು ಯಾಕೆ ಹೋದ ಅಂತ?" ಮತ್ತೆ ಅಂದಳು: "ಆದ್ರೆ ನಾನು ಅವಳಿಗೆ ಏನೂ ಹೇಳಲ್ಲ. ಗಂಡ ಅವಳವನು. ಹೊಟ್ಟೆಪಾಡೂ ಅವಳದೇ."

ಆ ವಾರ ಆ ಮನೆಯಲ್ಲಿ ಜಗಳದ ದನಿ ಕೇಳಿಸಲಿಲ್ಲ. ಸೊಪ್ಪಕ್ಕ ಅಡುಗೆ ಮಾಡಿಟ್ಟರೆ ಮೆಣಸಿ ತಿನ್ನುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಒಮ್ಮೆ ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮೆಣಸಿ ನನ್ನನ್ನು ಕೇಳಿದಳು, "ಆ ಮುದುಕ ಆವತ್ತು ಒಂದಿನ ಮನೇಲೇ ಬಿದ್ಕೊಂಡಿದ್ದಿದ್ರೆ?" ಅವಳು ಗಂಡನ ಅಂಗಿಯನ್ನು ಕಲ್ಲಿಗೆ ಅಪ್ಪಳಿಸಿದಳು. ಮತ್ತೆ ಅಪ್ಪಳಿಸಿದಳು. ಹೊಲಿಗೆ ಬಿಟ್ಟುಕೊಳ್ಳುವವರೆಗೂ ಅಪ್ಪಳಿಸಿದಳು. ಅವಳಿಗೆ ತಾತನ ಮೇಲೆ ದ್ವೇಷ ಇತ್ತು. ಅದನ್ನೂ ಮುಚ್ಚಿಡುವುದು ಬೇಡ.

ವಿಚಾರಣೆಯ ದಿನ ರೇಂಜ್ ಆಫೀಸಿನ ಹಾಲಿನಲ್ಲಿ ಬೆಂಚು ಹಾಕಿದ್ದರು. ಫ್ಯಾನು ಒಂದೇ ಸಮನೆ ಕಿರುಗುಟ್ಟುತ್ತಿತ್ತು. ದೊಡ್ಡ ಮೇಡಂ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಕಣ್ಣ ಕೆಳಗೆ ಕಪ್ಪು. ಆ ಬೇಸಿಗೆಯಲ್ಲಿ ಅವರೂ ಇಂಥ ಎಷ್ಟು ಆಫೀಸು ಸುತ್ತಿದ್ದರೋ. ಮೂಲೆಯಲ್ಲಿ ಇಬ್ಬರು ಪೊಲೀಸರ ನಡುವೆ ಆಡಿನ ತಾತ. ಅವನಿಗೆ ಅಲ್ಲಿ ನಡೆಯುವುದೇನೂ ಕೇಳುತ್ತಿರಲಿಲ್ಲ. ಯಾರ ತುಟಿ ಅಲ್ಲಾಡಿದರೂ ಅವರನ್ನೇ ನೋಡುತ್ತಿದ್ದ.

ಮೊದಲು ಗೋಪುರದ ಮಾವನನ್ನು ಕೇಳಿದರು.

"ಹೊಗೆ ಎಲ್ಲಿ ಮೊದಲು ಕಾಣಿಸ್ತು?"

ಅವನು ರೇಂಜರನ್ನು ನೋಡಿದ. "ಸರಿಯಾಗಿ ನೆನಪಿಲ್ಲ ಮೇಡಂ. ಮಬ್ಬಾಗಿತ್ತು."

ಆಮೇಲೆ ಸೊಪ್ಪಕ್ಕ. ಅವಳು ಎಲ್ಲ ಹೇಳಿದಳು. ತಂತಿ, ಎಲೆ, ಬೆಂಕಿ ಗಾಡಿ ಕೇಳಿದ್ದು, ಬಂದ ಉತ್ತರ.

"ಮಂಜು ಅಂದ್ರಾ?" ಮೇಡಂ ಪೆನ್ನು ಕೆಳಗಿಟ್ಟರು.

"ಹೂಂ ಮೇಡಂ. ಬೇಸಿಗೆ ಪೂರ್ತಿ ನಮಗೆ ಮಂಜೇ."

"ತಮ್ಮ ಹೋದ ದುಃಖದಲ್ಲಿದಾಳೆ ಮೇಡಂ" ಅಂದರು ರೇಂಜರು ಮೆತ್ತಗೆ. "ಹುಡುಗನ ಹೆಂಡತಿ ಇದಾಳೆ. ಕೊನೇ ಮಾತು ಕೇಳಿದವಳು ಅವಳೇ."

ಮೆಣಸಿ ಎದ್ದು ಬಂದಳು. ಗಂಡನ ಬೂಟು ಹಾಕಿಕೊಂಡಿದ್ದಳು. ಹಿಮ್ಮಡಿ ಕತ್ತರಿಸಿದ ಆ ಬೂಟು ನೆಲಕ್ಕೆ ಟಪಟಪ ಬಡಿಯುತ್ತಿತ್ತು.

"ನಿನ್ನ ಗಂಡ ಸಾಯೋ ಮುಂಚೆ ಏನಾದ್ರೂ ಹೇಳಿದ್ನಾ?" ಮೇಡಂ ಕೇಳಿದರು.

ಅವಳು ತಾತನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ತಾತನೂ ಅವಳ ತುಟಿಯನ್ನೇ ನೋಡುತ್ತಿದ್ದ. ರೇಂಜರು ಒಮ್ಮೆ ಕೆಮ್ಮಿದರು.

"ಎರಡು ದಿನ ಅವನ ಪಕ್ಕದಲ್ಲೇ ಕೂತಿದ್ದೆ ಮೇಡಂ" ಅಂದಳು. "ಅವನ ಗಂಟಲಲ್ಲಿ ಪೈಪು ಹಾಕಿದ್ರು. ಅವನು ನನ್ನ ಹೆಸರು ಹಿಡಿದು ಕೂಡ ಕರೀಲಿಲ್ಲ. ನಾನು ಕಾದೆ. ಒಂದು ಮಾತು, ಬೈಗುಳ ಆದ್ರೂ ಪರವಾಗಿಲ್ಲ, ಆಡಲಿ ಅಂತ ಕಾದೆ. ಆಡಲಿಲ್ಲ. ನನಗೇ ಏನೂ ಹೇಳದೆ ಹೋದೋನ ಬಾಯಿಗೆ ಇವರು ಇಷ್ಟುದ್ದ ಮಾತು ತುರುಕು ಅಂತಾರೆ. ಹೆಂಗೆ ತುರುಕಲಿ ಮೇಡಂ? ಎಲ್ಲಿಂದ ತುರುಕಲಿ?"

ಮೇಡಂ ಮತ್ತೆ ಪೆನ್ನು ಎತ್ತಿಕೊಂಡರು.

"ತುರುಕು ಅಂದಿದ್ದು ಯಾರು?" ಮೇಡಂ ಕೇಳಿದರು.

ಮೆಣಸಿ ರೇಂಜರ ಕಡೆಗೆ ಬೆರಳು ತೋರಿಸಿದಳು. "ಇವರು. ನೆರಳಲ್ಲಿ ಕೆಲಸ ಕೊಡ್ತೀನಿ ಅಂದ್ರು. ನನಗೆ ಬೇಕು ಮೇಡಂ, ಕೆಲಸ ಬೇಡ ಅಂತ ನಾನು ಹೇಳಲ್ಲ. ಆ ಮುದುಕನ ಮುಖ ನೋಡಿದ್ರೆ ನನ್ನ ಹೊಟ್ಟೆ ಉರಿಯುತ್ತೆ. ಆದ್ರೆ ಅವನು ಹಚ್ಚಿಲ್ಲ. ಈ ಬೆಂಕಿ ಯಾರೂ ಹಚ್ಚಬೇಕಾಗಿರಲಿಲ್ಲ. ಎಷ್ಟು ವರ್ಷದಿಂದ ಎಲೆ ರಾಶಿ ಹಾಕ್ಸಿದ್ರಲ್ಲ, ಅವತ್ತೇ ಹಚ್ಚಿ ಆಗಿತ್ತು."

ಅವಳು ವಾಪಸು ಬಂದು ಬೆಂಚಿನ ಮೇಲೆ ಕೂತಳು. ಸೊಪ್ಪಕ್ಕ ತನ್ನ ಅಂಟು ಹತ್ತಿದ ಕೈಯನ್ನು ಅವಳ ಅಂಟು ಹತ್ತಿದ ಕೈಯ ಮೇಲಿಟ್ಟಳು. ಆಗ ಮೆಣಸಿ ಅತ್ತಳು. ಹದಿನೈದು ದಿನದ ಅಳು ಅಷ್ಟೂ ಆ ಹಾಲಿನಲ್ಲಿ ಹೊರಬಂತು.

ಮೇಡಂ ಬರೆದುಕೊಂಡರು. ಹೊರಡುವಾಗ ಮೆಟ್ಟಿಲ ಬಳಿ ನಿಂತು ಸೊಪ್ಪಕ್ಕನಿಗೆ ಹೇಳಿದರು, "ನೀವು ಹೇಳಿದ್ದನ್ನೆಲ್ಲ ಬರೆದಿದೀನಿ. ನನಗೂ ಮೇಲಿನೋರಿದಾರೆ."

"ಅವರ ಮೇಲೆ ಯಾರು ಮೇಡಂ?" ಸೊಪ್ಪಕ್ಕ ಕೇಳಿದಳು. ವ್ಯಂಗ್ಯವಾಗಿ ಅಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಮೇಡಂ ಕಾರು ಹತ್ತಿದರು. ಕಾರಿನ ಬಾಗಿಲು ಮುಚ್ಚಿತು.

ಮಳೆ ಬಂತು. ತಾತನನ್ನು ಮಳೆಗಾಲದ ಕೊನೆಗೆ ಬಿಟ್ಟರು. ತಪ್ಪಿತಸ್ಥ ಅಲ್ಲ ಅಂತ ಅಲ್ಲ, ಜಾಮೀನಿನ ಮೇಲೆ. ಕಾಡಿಗೆ ಕಾಲಿಡಬಾರದು ಅಂತ ಷರತ್ತು. ಅಷ್ಟರಲ್ಲಿ ಆಡುಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಂದಷ್ಟನ್ನು ಊರಿನವರು ಕಟ್ಟಿಕೊಂಡು ಸಾಕಿದ್ದರು. ಮೆಣಸಿಯ ಮನೆ ಹಿಂದೆಯೂ ಎರಡಿದ್ದವು. ತಾತ ಬಂದ ದಿನ ಅವಳು ಹಗ್ಗ ಅವನ ಕೈಗೆ ಕೊಟ್ಟು, ಮಾತಾಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ರೇಂಜರಿಗೆ ಫಲಕ ಸಿಕ್ಕಿತು. ವಿಚಾರಣೆ ಇನ್ನೂ ಮುಗಿದಿಲ್ಲವಾದ್ದರಿಂದ ಬೆಂಕಿ ಬಿದ್ದಿದೆ ಎಂದು ಹೇಳಲಾಗುವುದಿಲ್ಲವಂತೆ. ಅವರು ಪ್ರಮೋಷನ್ ಆಗಿ ಹೋದರು. ಹೋಗುವ ಮುಂಚೆ ಒಂದು ದಿನ ಸುಟ್ಟ ಗುಡ್ಡದ ಕೆಳಗೆ ಜೀಪು ನಿಲ್ಲಿಸಿ ಒಬ್ಬರೇ ಬಹಳ ಹೊತ್ತು ನಿಂತಿದ್ದರಂತೆ. ಡ್ರೈವರ್ ಹೇಳಿದ. ನಿಂತರೆ ಏನಾಯಿತು, ಹೋದರಲ್ಲ. ಹೊಸ ರೇಂಜರು ಬಂದರು, ಚಿಕ್ಕ ವಯಸ್ಸು. ನಮ್ಮ ಗ್ಯಾಂಗನ್ನು ಮುಂದಿನ ಬೇಸಿಗೆಗೆ ತೆಗೆದುಕೊಳ್ಳುವುದಿಲ್ಲ, ಬೇರೆ ಊರಿನವರನ್ನು ಕರೆಸುತ್ತಾರೆ ಅಂತ ಗಾರ್ಡು ತಿಳಿಸಿ ಹೋದ. ಅವನಿಗೂ ಹೇಳಲು ಮುಖವಿರಲಿಲ್ಲ. ಬೂಟು ವಾಪಸು ಕೊಡಬೇಕು ಅಂದ. ಮೆಣಸಿ ಕೊಡಲಿಲ್ಲ.

ಬೆಂಕಿ ಊರಿನ ಒಂದು ಮಗ್ಗುಲನ್ನು ಮಾತ್ರ ತಿಂದಿತ್ತು. ಇನ್ನೊಂದು ಮಗ್ಗುಲಿನ ಕಾಡು ಹಾಗೆಯೇ ಇತ್ತು, ಹಾಗೆಯೇ ರಾಶಿ ರಾಶಿ ಎಲೆ. ಚಳಿಗಾಲದಲ್ಲಿ ನಾವು ಕೆಲಸ ಹುಡುಕಿಕೊಂಡು ಅಲ್ಲಿ ಇಲ್ಲಿ ಅಲೆಯುತ್ತಿದ್ದಾಗಲೂ ದಿನಾ ಅದೇ ಕಣ್ಣಿಗೆ ಬೀಳುತ್ತಿತ್ತು. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಒಂದು ದಿನ ಬಸ್ಸಿಗೆ ಕಾಯುವಾಗ ಮೆಣಸಿಯೇ ಎತ್ತಿದಳು.

"ಅತ್ತಿಗೆ, ಅದನ್ನ ಸುಡೋಣ."

"ಕೇಸಾಗುತ್ತೆ."

"ಆಗಲಿ. ಬೇಸಿಗೆಲಿ ಅದು ನಮ್ಮನ್ನ ಸುಡೋದಕ್ಕಿಂತ ಈಗ ನಾವೇ ಅದನ್ನ ಸುಡೋಣ. ಕದ್ದು ಅಲ್ಲ. ಬೆಳಗ್ಗೆ, ಎಲ್ಲರಿಗೂ ಕಾಣೋ ಹಾಗೆ."

ಸೊಪ್ಪಕ್ಕ ಬಸ್ಸು ಬರುವ ದಾರಿ ನೋಡುತ್ತಾ ನಿಂತಿದ್ದಳು. "ಸುಸ್ತಾಗಿದೆ ಹುಡುಗಿ" ಅಂದಳು. ಬಸ್ಸು ಬಂತು. ಯಾರೂ ಹತ್ತಲಿಲ್ಲ.

ಮೂರು ದಿನ ಬಾಚಿದೆವು. ಕೂಲಿ ಇಲ್ಲ, ಹಾಜರಿ ಇಲ್ಲ. ಗ್ಯಾಂಗಿನವರ ಜೊತೆಗೆ ಊರಿನವರೂ ಬಂದರು. ಟೀ ಅಂಗಡಿಯವಳು ಬಂದಳು, ಟೈಲರು ಬಂದ. ಆಡಿನ ತಾತ ಕಾಡಿನ ಗಡಿಯ ಆಚೆ ನಿಂತು, ಕಾಲಿಡಬಾರದಲ್ಲ, ಅಲ್ಲಿಂದಲೇ ನೀರು ದಾಟಿಸಿದ. ನಾಲ್ಕನೆಯ ದಿನ ಇಬ್ಬನಿ ಆರುವ ಹೊತ್ತಿಗೆ ಸೊಪ್ಪಕ್ಕ ಗುಡ್ಡದ ನೆತ್ತಿಯಲ್ಲಿ ಬಗ್ಗಿ ಕಡ್ಡಿ ಗೀರಿದಳು. ಬೆಂಕಿ ಮೆಲ್ಲಗೆ ಇಳಿಜಾರಿನಲ್ಲಿ ಇಳಿಯಿತು, ಪಾದದೆತ್ತರಕ್ಕೂ ಏರದೆ. ಮೇಲಿನ ಒಣ ಎಲೆ ತಿಂದು ಕೆಳಗಿನ ಒದ್ದೆ ಬಿಟ್ಟು ಮುಂದೆ ಹೋಯಿತು. ನಾವು ಎರಡೂ ಬದಿಯಲ್ಲಿ ಕೊಂಬೆ ಹಿಡಿದು ಅದರ ಜೊತೆಗೇ ಇಳಿದೆವು.

ಅರ್ಧ ಗುಡ್ಡ ಇಳಿದಿದ್ದಾಗ ಗೋಪುರದ ಮಾವ ಏದುಸಿರು ಬಿಡುತ್ತಾ ಬಂದ.

"ನಾನು ವೈರ್‌ಲೆಸ್ಸಲ್ಲಿ ಹೇಳಿಬಿಟ್ಟೆ."

ಸೊಪ್ಪಕ್ಕ ಅವನನ್ನೇ ನೋಡಿದಳು. "ಏನಂತ ಹೇಳ್ದೆ?"

"ಬೆಂಕಿ ಅಂತಲೇ ಹೇಳ್ದೆ. ಗ್ಯಾಂಗ್ ಹಚ್ಚಿದೆ, ಗ್ಯಾಂಗೇ ಕಾಯ್ತಿದೆ ಅಂತ. ಎಲ್ಲ ರೇಂಜಿಗೂ ಕೇಳಿಸಿರುತ್ತೆ." ಅವನು ಬೆವರು ಒರೆಸಿಕೊಂಡ. "ಆವತ್ತು ವಿಚಾರಣೇಲಿ ನನ್ನ ನಾಲಿಗೆ ಹೊರಳಲಿಲ್ಲ ಕಣಮ್ಮ."

ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ. ಅವನು ಒಂದು ಕೊಂಬೆ ಮುರಿದುಕೊಂಡು ನನ್ನ ಪಕ್ಕದಲ್ಲಿ ನಿಂತ.

ಜೀಪು ಬಂತು. ಅದರ ಹಿಂದೆ ಇನ್ನೊಂದು. ಹೊಸ ರೇಂಜರು ಇಳಿದರು, ಜೊತೆಗೆ ಇಬ್ಬರು ಗಾರ್ಡುಗಳು. ಸಾಮಾನ್ಯವಾಗಿ ಜೀಪಿನ ಸದ್ದು ಕೇಳಿದರೆ ಸೌದೆ ಎಸೆದು ಕಾಲಿಗೆ ಬುದ್ಧಿ ಹೇಳುವ ಊರು ನಮ್ಮದು. ಅವತ್ತು ಒಬ್ಬರೂ ಕದಲಲಿಲ್ಲ. ಕದಲಿದರೆ ಬೆಂಕಿಯ ಅಂಚು ಕೈತಪ್ಪುತ್ತದೆ.

"ಯಾರು ಹಚ್ಚಿದ್ದು ಇದನ್ನ?" ರೇಂಜರು ಕೂಗಿದರು. "ಮುಂದೆ ಬನ್ನಿ! ಎಲ್ಲರ ಮೇಲೂ ಕೇಸು ಹಾಕ್ತೀನಿ!"

ಮೆಣಸಿ ಹಿಂದಿರುಗಿ ನೋಡಿದಳು. ಮುಖವೆಲ್ಲ ಮಸಿ. ಹೊಗೆಗೆ ಒಂದು ಕಣ್ಣು ಮುಚ್ಚಿಕೊಂಡಿದ್ದಳು.

"ಹಾಕಿ ಸಾರ್. ಮಧ್ಯಾಹ್ನ ಹಾಕಿ. ಎಲ್ಲರೂ ಇಲ್ಲೇ ಇರ್ತೀವಿ. ಈಗ ಗಾಳಿ ತಿರುಗೋ ಮೊದಲು ಆ ಕೆಳಗಿನ ಮೂಲೆ ಮುಗಿಸಬೇಕು, ಅಲ್ಲಿ ಆಳು ಸಾಲದು."

ಅವಳು ಮತ್ತೆ ಬೆಂಕಿಯ ಕಡೆ ತಿರುಗಿದಳು. ರೇಂಜರ ಕಣ್ಣೆದುರೇ ಕೆಳಗಿನ ಮೂಲೆಯಲ್ಲಿ ಬೆಂಕಿ ಒಂದು ಪೊದೆಗೆ ನಾಲಿಗೆ ಚಾಚಿತು. ಇಬ್ಬರು ಗಾರ್ಡುಗಳಲ್ಲಿ ವಯಸ್ಸಾದವನು ಸಾಹೇಬರ ಮುಖ ನೋಡಿದ, ಪೊದೆ ನೋಡಿದ. ಟೋಪಿ ತೆಗೆದು ಜೀಪಿನ ಸೀಟಿನ ಮೇಲಿಟ್ಟ. ಪಕ್ಕದ ಮರದಿಂದ ಒಂದು ಹಸಿ ಕೊಂಬೆ ಮುರಿದುಕೊಂಡು, ಅನುಮತಿ ಕೇಳದೆ, ಇಳಿಜಾರಿನಲ್ಲಿ ಓಡಿದ.